ಬಡವರ ಸರಾಸರಿಯ ಮರೆಯಲ್ಲಿ

ಗೊತ್ತಿರಲಿಲ್ಲ ಎಂದು ಹೇಳಿ ಪಾರಾಗುವ ಕಾಲ ನಮ್ಮ ಪಾಲಿಗೆ ಮುಗಿದುಹೋಗಿದೆ. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಮನೆಗಳ ಮೇಲೆ ಜರಿದು ಬಿದ್ದದ್ದನ್ನು ನೋಡಿದ್ದೇವೆ. ಮರುವರ್ಷ ಕೃಷ್ಣಾ, ಮಲಪ್ರಭಾ ದಂಡೆಯ ಊರುಗಳು ಮುಳುಗಿದ್ದನ್ನು ನೋಡಿದ್ದೇವೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತ ಎಂದು ಸರ್ಕಾರವೇ ಘೋಷಿಸಿತು. ಅದರ ಬೆನ್ನಿಗೇ 2024ರ ಬೇಸಿಗೆಯಲ್ಲಿ ಬೆಂಗಳೂರಿನ ಕೊಳವೆಬಾವಿಗಳು ಬತ್ತಿ, ಟ್ಯಾಂಕರ್ ನೀರಿಗೆ ಜಿಲ್ಲಾಡಳಿತ ದರ ನಿಗದಿ ಮಾಡಬೇಕಾಯಿತು. ಇವಕ್ಕೆಲ್ಲ ನಮ್ಮದೇ ಕೈಯ ಕಾರಣಗಳೂ ಇದ್ದವು, ಗುಡ್ಡ ಕಡಿದದ್ದು ನಾವು, ಕೆರೆ ನುಂಗಿದ್ದು ನಾವು. ಆದರೆ ಮೇಲಿನ ಆಕಾಶವೂ ಮೊದಲಿನಂತಿಲ್ಲ ಎನ್ನುವುದನ್ನು ಹೊಲದಲ್ಲಿ ನಿಂತ ರೈತನಿಗೂ, ವಿಜ್ಞಾನಿಗೂ ಯಾರೂ ಬಿಡಿಸಿ ಹೇಳಬೇಕಿಲ್ಲ. ದಾಖಲೆಗಳು ಆರಂಭವಾದಾಗಿನಿಂದ 2024ರಷ್ಟು ಬಿಸಿಯಾದ ವರ್ಷ ಇನ್ನೊಂದಿಲ್ಲ. ಕೈಗಾರಿಕಾ ಯುಗಕ್ಕೆ ಮುಂಚಿನ ಮಟ್ಟಕ್ಕಿಂತ ಸುಮಾರು 1.55 ಡಿಗ್ರಿ ಹೆಚ್ಚು ಎಂದು ವಿಶ್ವ ಹವಾಮಾನ ಸಂಸ್ಥೆ ಲೆಕ್ಕ ಕೊಟ್ಟಿತು. ಅದನ್ನು ಪತ್ರಿಕೆಯಲ್ಲಿ ಓದಿದ ನಾವು ಪತ್ರಿಕೆ ಮಡಚಿಟ್ಟು, ಎಸಿಯನ್ನು ಇನ್ನೆರಡು ಡಿಗ್ರಿ ಇಳಿಸಿಕೊಂಡು ಮಲಗಿದೆವು. ವರ್ಷಕ್ಕೊಮ್ಮೆ ದೇಶಗಳೆಲ್ಲ ಸೇರಿ ಸಭೆ ಮಾಡುತ್ತವೆ, ಅವರು ನೋಡಿಕೊಳ್ಳುತ್ತಾರೆ. ಅವರ ಕೈಲಾಗದಿದ್ದರೆ ಕಾರ್ಬನ್ ಮಾರುಕಟ್ಟೆ ನೋಡಿಕೊಳ್ಳುತ್ತದೆ. ನಮ್ಮ ನಿದ್ದೆಗೆ ಇವೆರಡೇ ದಿಂಬು.

ಈ ದೇಶಕ್ಕೆ ಈ ವಿಷಯದಲ್ಲಿ ಒಂದು ನೈತಿಕ ದನಿ ಇತ್ತು. 1972ರಲ್ಲಿ ಸ್ಟಾಕ್‌ಹೋಮಿನಲ್ಲಿ ವಿಶ್ವಸಂಸ್ಥೆಯ ಮೊದಲ ಪರಿಸರ ಸಮ್ಮೇಳನ ನಡೆದಾಗ, ಆತಿಥೇಯ ಸ್ವೀಡನ್ನಿನ ಪ್ರಧಾನಿಯನ್ನು ಬಿಟ್ಟರೆ ಅಲ್ಲಿಗೆ ಬಂದ ಸರ್ಕಾರದ ಮುಖ್ಯಸ್ಥರು ಇಂದಿರಾ ಗಾಂಧಿ ಒಬ್ಬರೇ. ಹಸಿದವರನ್ನು ಮರೆತು ಪರಿಸರದ ಮಾತಾಡುವುದು ನ್ಯಾಯವಲ್ಲ ಎಂದು ಅವರು ಶ್ರೀಮಂತ ದೇಶಗಳ ಮುಖಕ್ಕೆ ನೇರವಾಗಿ ಹೇಳಿ ಬಂದರು. 1991ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರದ ಅನಿಲ್ ಅಗರ್ವಾಲ್ ಮತ್ತು ಸುನೀತಾ ನಾರಾಯಣ್ ಒಂದು ಪುಟ್ಟ ಪುಸ್ತಕ ಬರೆದರು. ವಾಷಿಂಗ್ಟನ್ನಿನ ಒಂದು ಸಂಸ್ಥೆ ಭಾರತ, ಚೀನಾಗಳನ್ನೂ ದೊಡ್ಡ ಅಪರಾಧಿಗಳ ಸಾಲಿಗೆ ಸೇರಿಸಿ ಪಟ್ಟಿ ಮಾಡಿದ್ದಕ್ಕೆ ಅದು ಉತ್ತರವಾಗಿತ್ತು. ಭತ್ತದ ಗದ್ದೆಯಿಂದ, ಕೊಟ್ಟಿಗೆಯ ದನದಿಂದ ಏಳುವ ಅನಿಲ ಬದುಕುಳಿಯುವವರದ್ದು, ಕಾರಿನ ಹೊಗೆ ಭೋಗಿಸುವವರದ್ದು, ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ ಎಂದು ಅವರು ವಾದಿಸಿದರು. ತಲಾ ಲೆಕ್ಕದಲ್ಲಿ ಆಕಾಶ ಎಲ್ಲರಿಗೂ ಸಮಾನ ಎಂಬ ಆ ವಾದ ಇಂದಿಗೂ ನಮ್ಮ ಸಂಧಾನಕಾರರ ಮುಖ್ಯ ಬಲ. ಅದು ಆಗಲೂ ಸತ್ಯವಾಗಿತ್ತು, ಈಗಲೂ ಸತ್ಯ.

ಆದರೆ ಆ ಸತ್ಯವನ್ನು ಇಂದು ಯಾರು ಹೊದ್ದುಕೊಂಡು ಕೂತಿದ್ದಾರೆ ಎಂದು ನೋಡಬೇಕು. ಭಾರತೀಯನೊಬ್ಬನ ಸರಾಸರಿ ಇಂಗಾಲದ ಡೈಆಕ್ಸೈಡ್ ವರ್ಷಕ್ಕೆ ಸುಮಾರು ಎರಡು ಟನ್, ಜಗತ್ತಿನ ಸರಾಸರಿಯ ಅರ್ಧಕ್ಕೂ ಕಡಿಮೆ. ಈ ಎರಡು ಟನ್ನಿನೊಳಗೆ ಯಾದಗಿರಿಯಿಂದ ಗುಳೆ ಬಂದು ಬೆಂಗಳೂರಿನ ಅರೆಬರೆ ಕಟ್ಟಡದ ಬುಡದಲ್ಲಿ ತಗಡಿನ ಶೆಡ್ಡು ಹಾಕಿಕೊಂಡ ಕುಟುಂಬವಿದೆ. ಒಂದು ಬಲ್ಬು, ಒಂದು ಮೊಬೈಲು, ಮೂರು ಕಲ್ಲಿನ ಒಲೆ. ಅದೇ ಕಟ್ಟಡ ಎದ್ದು ನಿಂತ ಮೇಲೆ ಹದಿನಾಲ್ಕನೇ ಮಹಡಿಗೆ ಬಂದು ಸೇರುವ ನಾವೂ ಇದ್ದೇವೆ. ಕೋಣೆಗೊಂದು ಎಸಿ, ಮನೆಗೆರಡು ಕಾರು, ವರ್ಷಕ್ಕೊಂದು ವಿದೇಶ ಪ್ರವಾಸ. ಶೆಡ್ಡಿನವರು ಹೊಗೆ ಬಿಡದಿರುವುದರಿಂದಲೇ ನಮ್ಮ ಸರಾಸರಿ ಶುಭ್ರವಾಗಿ ಕಾಣುತ್ತದೆ. ಅಂತರರಾಷ್ಟ್ರೀಯ ಸಭೆಯಲ್ಲಿ ಭಾರತ ಬಡವರ ಹೆಸರು ಹೇಳಿ ಕೇಳುವ ರಿಯಾಯಿತಿಯನ್ನು ಊರಿಗೆ ತಂದು ಅನುಭವಿಸುವವರು ನಾವು. ಅಮೆರಿಕದವನ ಕಾರಿನ ಹೊಗೆ ಭೋಗವಾದರೆ ನಮ್ಮ ಕಾರಿನ ಹೊಗೆ ಹೇಗೆ ಬದುಕುಳಿಯುವ ಹೊಗೆಯಾಯಿತು? ಶಾಲೆಯ ಪರಿಸರ ದಿನಕ್ಕೆಂದು ಬೆಳಿಗ್ಗೆ ಮಗುವಿನ ಕೈಗೊಂದು ಸಸಿ ಕೊಟ್ಟು ಕಳಿಸಿ, ಸಂಜೆ ಆ ಒಂದು ಮಗುವನ್ನು ಕರೆತರಲು ಏಳು ಜನ ಕೂರುವ ಡೀಸೆಲ್ ಗಾಡಿ ಒಯ್ಯುವ ತಂದೆತಾಯಿಗಳು ಈ ಪ್ರಶ್ನೆಗೆ ಉತ್ತರ ಕೊಡಬೇಕು.

ಸಂಧಾನಗಳ ಚರಿತ್ರೆಯಂತೂ ಮುಂದೂಡಿಕೆಯ ಚರಿತ್ರೆ. 1997ರಲ್ಲಿ ಕ್ಯೋಟೊದಲ್ಲಿ ಮೊದಲ ಕಡ್ಡಾಯ ಒಪ್ಪಂದವಾದಾಗ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡಿನ ಪ್ರಮಾಣ ಹತ್ತು ಲಕ್ಷಕ್ಕೆ 364ರ ಆಸುಪಾಸಿನಲ್ಲಿತ್ತು. ಈಗ 420 ದಾಟಿದೆ. ಒಪ್ಪಂದಕ್ಕೆ ಕೆಲವು ತಿಂಗಳು ಮೊದಲೇ ಅಮೆರಿಕದ ಸೆನೆಟ್, ಬಡ ದೇಶಗಳಿಗೂ ಕಟ್ಟುಪಾಡು ಇಲ್ಲದಿದ್ದರೆ ನಾವು ಒಪ್ಪುವುದಿಲ್ಲ ಎಂದು 95–0 ಮತಗಳಿಂದ ನಿರ್ಣಯಿಸಿ ಕೈತೊಳೆದುಕೊಂಡಿತ್ತು. 2009ರಲ್ಲಿ ಕೋಪನ್‌ಹೇಗನ್‌ನಲ್ಲಿ ಶ್ರೀಮಂತ ದೇಶಗಳು, 2020ರ ಹೊತ್ತಿಗೆ ವರ್ಷಕ್ಕೆ 10,000 ಕೋಟಿ ಡಾಲರ್ ಕೊಡುತ್ತೇವೆ ಎಂದವು. ಆ ಮೊತ್ತ ಮುಟ್ಟಿದ್ದು 2022ರಲ್ಲಿ, ಅದರಲ್ಲೂ ದೊಡ್ಡ ಪಾಲು ಸಾಲ. 2024ರ ನವೆಂಬರಿನಲ್ಲಿ ಅಜರ್‌ಬೈಜಾನ್‌ನ ಬಾಕುವಿನಲ್ಲಿ 2035ರ ವೇಳೆಗೆ ವರ್ಷಕ್ಕೆ 30,000 ಕೋಟಿ ಡಾಲರ್ ಎಂಬ ಹೊಸ ಮಾತು ಹುಟ್ಟಿತು. ಆಕ್ಷೇಪಕ್ಕೆ ಅವಕಾಶ ಕೊಡದೆ ಸುತ್ತಿಗೆ ಬಡಿದು ಅಂಗೀಕಾರ ಘೋಷಿಸಿದ್ದನ್ನು ಭಾರತದ ಪ್ರತಿನಿಧಿ ಅದೇ ಸಭೆಯಲ್ಲಿ ಖಂಡಿಸಿದರು. ಅದು ನ್ಯಾಯವಾದ ಸಿಟ್ಟು. ತೈಲ, ಅನಿಲಗಳು ದೇವರ ಕೊಡುಗೆ ಎಂದು ಆತಿಥೇಯ ಅಧ್ಯಕ್ಷರೇ ವೇದಿಕೆಯಿಂದ ಸಾರಿದ ಸಭೆ ಅದು. ಮರುವರ್ಷ ಬ್ರೆಜಿಲ್‌ನ ಬೆಲೆಮ್‌ನಲ್ಲಿ, ಕಲ್ಲಿದ್ದಲು ತೈಲಗಳನ್ನು ಹಂತಹಂತವಾಗಿ ಬಿಡುವ ಮಾರ್ಗಸೂಚಿ ಬೇಕು ಎಂದು ಎಂಬತ್ತಕ್ಕೂ ಹೆಚ್ಚು ದೇಶಗಳು ಕೇಳಿದರೂ ಅಂತಿಮ ಪಠ್ಯದಲ್ಲಿ ಅದಕ್ಕೆ ಜಾಗ ಸಿಗಲಿಲ್ಲ.

ಹೊರಗಿನವರ ಮೇಲೆ ಇಷ್ಟು ಸಿಟ್ಟಾಗುವ ನಮಗೆ ಒಳಗಿನ ಲೆಕ್ಕ ಕಾಣಿಸುವುದಿಲ್ಲ. 2023ರ ಬರಕ್ಕೆ ಕರ್ನಾಟಕ ಕೇಂದ್ರದಿಂದ ಕೇಳಿದ್ದು 18,171 ಕೋಟಿ ರೂಪಾಯಿ. ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದ ಮೇಲೆ ಬಿಡುಗಡೆಯಾದದ್ದು 3,454 ಕೋಟಿ. ಅದು ಬರುವವರೆಗೆ ರಾಜ್ಯ ಸರ್ಕಾರ ಮೊದಲ ಕಂತೆಂದು ರೈತರ ಖಾತೆಗೆ ಹಾಕಿದ್ದು ತಲಾ ಗರಿಷ್ಠ 2,000 ರೂಪಾಯಿ. ಬಾಕುವಿನಲ್ಲಿ ಶ್ರೀಮಂತ ದೇಶಗಳು ಬಡ ದೇಶಗಳಿಗೆ ಮಾಡಿದ್ದನ್ನು ನಾವು ನಮ್ಮದೇ ರೈತರಿಗೆ ಮಾಡಿದೆವು. ಅದರ ವಿರುದ್ಧ ನಗರದ ನಾವು ಬೀದಿಗಿಳಿಯಲಿಲ್ಲ. ಆ ವರ್ಷ ತೊಗರಿ ಒಣಗಿದ ಹೊಲದ ಒಡೆಯನಿಗೆ, ಈ ಬಿಸಿಗೆ ಕಾರಣರಾದವರ ಪಟ್ಟಿಯಲ್ಲಿ ನ್ಯೂಯಾರ್ಕಿನವರ ಜೊತೆ ಬೆಂಗಳೂರಿನವರ ಹೆಸರೂ ಇದೆ ಎಂದು ಯಾರು ಹೇಳುತ್ತಾರೆ?

ಇನ್ನು ಮಾರುಕಟ್ಟೆ. ಕ್ಯೋಟೊ ಒಪ್ಪಂದದೊಳಗೆ ಒಂದು ಏರ್ಪಾಡು ಇತ್ತು. ಶ್ರೀಮಂತ ದೇಶದ ಕಂಪನಿ ತನ್ನ ಹೊಗೆ ಇಳಿಸುವ ಬದಲು ಬಡ ದೇಶದಲ್ಲಿ ಯಾರೋ ಇಳಿಸಿದ್ದಕ್ಕೆ ಹಣ ಕೊಟ್ಟು ಆ ಇಳಿಕೆಯನ್ನು ತನ್ನ ಲೆಕ್ಕಕ್ಕೆ ಬರೆದುಕೊಳ್ಳಬಹುದು. ಒಂದು ಟನ್ನಿಗೆ ಒಂದು ಕ್ರೆಡಿಟ್. ಭಾರತ ಇದರಲ್ಲಿ ಚೀನಾದ ನಂತರ ಅತಿ ಹೆಚ್ಚು ಯೋಜನೆಗಳನ್ನು ನೋಂದಾಯಿಸಿದ ದೇಶವಾಯಿತು. 2005ರ ಕೊನೆಯಲ್ಲಿ, ಆಗ ಕೋಲಾರ ಜಿಲ್ಲೆಯಲ್ಲಿದ್ದ ಬಾಗೇಪಲ್ಲಿಯ ಕೂಲಿ ಸಂಘದ ಗೋಬರ್ ಗ್ಯಾಸ್ ಯೋಜನೆಯೂ ನೋಂದಣಿಯಾಯಿತು. 5,500 ಮನೆಗಳ ಹಿತ್ತಲಲ್ಲಿ ಎರಡೆರಡು ಘನ ಮೀಟರಿನ ತೊಟ್ಟಿ. ಇಂಥ ತೊಟ್ಟಿಗೆ ಹೆಂಗಸರು ದಿನಾ ಸಗಣಿ ಎತ್ತಿ, ಅಷ್ಟೇ ನೀರು ಬೆರೆಸಿ, ಗಂಟು ಒಡೆದು ಕಲಸಿ ಸುರಿಯಬೇಕು. ಆಗ ಅಡುಗೆಮನೆಯಲ್ಲಿ ನೀಲಿ ಉರಿ ಹತ್ತುತ್ತದೆ. ಸೌದೆ ಹೊರುವುದು ತಪ್ಪುತ್ತದೆ, ಸೀಮೆಎಣ್ಣೆ ಉಳಿಯುತ್ತದೆ, ಕಣ್ಣಿಗೆ ಹೊಗೆಯಿಲ್ಲ. ಯೋಜನೆಯ ಅಂದಾಜಿನಂತೆ ಒಂದು ಮನೆ ಹೀಗೆ ವರ್ಷವಿಡೀ ದುಡಿದರೆ ಉಳಿಯುವುದು ಸುಮಾರು ಮೂರೂವರೆ ಟನ್. ಇಡೀ ಕಾರ್ಬನ್ ಮಾರುಕಟ್ಟೆಯಲ್ಲಿ ಇದಕ್ಕಿಂತ ಪ್ರಾಮಾಣಿಕವಾದ ಟನ್ ಇನ್ನೊಂದಿದೆ ಎಂದು ನಾನು ನಂಬುವುದಿಲ್ಲ.

ಅದೇ ಕಾಲಕ್ಕೆ ಗುಜರಾತ್, ರಾಜಸ್ಥಾನಗಳಲ್ಲಿ, ಚೀನಾದಲ್ಲಿ ಇನ್ನೊಂದು ಬಗೆಯ ಯೋಜನೆಗಳು ನೋಂದಣಿಯಾದವು. ಎಸಿಗೆ ತುಂಬುವ ಎಚ್‌ಸಿಎಫ್‌ಸಿ-22 ಎಂಬ ಅನಿಲ ತಯಾರಿಸುವಾಗ ಎಚ್‌ಎಫ್‌ಸಿ-23 ಎಂಬ ತ್ಯಾಜ್ಯ ಅನಿಲ ಹುಟ್ಟುತ್ತದೆ. ಅದರ ಒಂದು ಕಿಲೊ 11,700 ಕಿಲೊ ಇಂಗಾಲದ ಡೈಆಕ್ಸೈಡಿಗೆ ಸಮ ಎಂದು ಆಗಿನ ನಿಯಮ ಹೇಳುತ್ತಿತ್ತು. ಕಾರ್ಖಾನೆಯ ಕುಲುಮೆಯಲ್ಲಿ ಸುಮಾರು 300 ಗ್ರಾಂ ಸುಟ್ಟರೆ ಸಾಕು, ಬಾಗೇಪಲ್ಲಿಯ ಹೆಣ್ಣುಮಗಳು ವರ್ಷವೆಲ್ಲ ಸಗಣಿ ಕಲಸಿ ಗಳಿಸುವಷ್ಟೇ ಕ್ರೆಡಿಟ್ಟು. 2010ರ ಹೊತ್ತಿಗೆ ಇಡೀ ಜಗತ್ತಿನಲ್ಲಿ ವಿತರಣೆಯಾದ ಕ್ರೆಡಿಟ್ಟುಗಳಲ್ಲಿ ಅರ್ಧದಷ್ಟು ಈ ಬೆರಳೆಣಿಕೆಯ ಕಾರ್ಖಾನೆಗಳದ್ದೇ ಆಗಿತ್ತು. ಮೈಕೆಲ್ ವಾರಾ ಎಂಬ ವಿದ್ವಾಂಸರು 2007ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಲೆಕ್ಕ ಬಿಡಿಸಿಟ್ಟರು. ಈ ಅನಿಲವನ್ನು ಸುಡುವ ವ್ಯವಸ್ಥೆಗೆ 10 ಕೋಟಿ ಯೂರೊ ಕೂಡ ಬೇಕಿಲ್ಲ, ಕ್ರೆಡಿಟ್ಟಿನ ಹೆಸರಿನಲ್ಲಿ ಹೋಗುತ್ತಿರುವುದು 470 ಕೋಟಿ ಯೂರೊ ಎಂದು. ರಷ್ಯಾದ ಕಾರ್ಖಾನೆಗಳಂತೂ ಕ್ರೆಡಿಟ್ ಸಿಗುತ್ತದೆಂದು ತಿಳಿದ ಮೇಲೆ ತ್ಯಾಜ್ಯ ಅನಿಲದ ಉತ್ಪಾದನೆಯನ್ನು ಹಿಂದೆಂದೂ ಇಲ್ಲದ ಮಟ್ಟಕ್ಕೆ ಏರಿಸಿದವು ಎಂದು 2015ರ ಅಧ್ಯಯನ ತೋರಿಸಿತು. ಸುಡುವುದಕ್ಕೆ ಹಣ ಸಿಗುತ್ತದೆಂದು ವಿಷ ಹುಟ್ಟಿಸಿದರು. 2013ರಿಂದ ಯುರೋಪ್ ಈ ಕ್ರೆಡಿಟ್ಟುಗಳನ್ನು ನಿಷೇಧಿಸಿತು. ಅಷ್ಟರಲ್ಲಿ ಮಾರುಕಟ್ಟೆಯೇ ಕುಸಿದಿತ್ತು. 2008ರಲ್ಲಿ 20 ಯೂರೊ ದಾಟಿದ್ದ ಕ್ರೆಡಿಟ್ 2012ರ ಕೊನೆಗೆ ಒಂದು ಯೂರೊಗೂ ಬೇಡವಾಯಿತು. ಆ ದರದಲ್ಲಿ ಯಾವ ಬಡ ಮನೆಯ ಹಿತ್ತಲಲ್ಲಿ ಹೊಸ ತೊಟ್ಟಿ ಕಟ್ಟಲಾದೀತು?

ಎಲ್ಲಕ್ಕಿಂತ ನಾಚಿಕೆಗೇಡಿನ ಸಂಗತಿ ಇದರ ಮುಂದಿನದು. 2016ರ ಅಕ್ಟೋಬರಿನಲ್ಲಿ, ಇಂಥ ಅನಿಲಗಳನ್ನು ಇಳಿಸುವ ಬಗ್ಗೆ ರುವಾಂಡಾದ ಕಿಗಾಲಿಯಲ್ಲಿ ಅಂತರರಾಷ್ಟ್ರೀಯ ಸಭೆ ನಡೆಯುತ್ತಿದ್ದಾಗ, ಭಾರತ ಸರ್ಕಾರ ತನ್ನ ಕಾರ್ಖಾನೆಗಳಿಗೆ ಒಂದು ಆದೇಶ ಹೊರಡಿಸಿತು. ಎಚ್‌ಎಫ್‌ಸಿ-23ನ್ನು ನಿಮ್ಮ ಖರ್ಚಿನಲ್ಲೇ ಸುಡಬೇಕು, ಯಾರೂ ಹಣ ಕೊಡುವುದಿಲ್ಲ. ಅಷ್ಟೇ. ವರ್ಷಗಟ್ಟಲೆ ಜಗತ್ತಿನ ಬೊಕ್ಕಸದಿಂದ ಹಣ ಸುರಿಸಿಕೊಂಡ ಕೆಲಸ ಒಂದು ಆದೇಶಕ್ಕೆ ಮುಗಿಯುವಂಥದ್ದಾಗಿತ್ತು. ಆ ಆದೇಶ 2005ರಲ್ಲೇ ಏಕೆ ಬರಲಿಲ್ಲ? ಏಕೆಂದರೆ ಆಗ ಅದು ಎಲ್ಲರಿಗೂ ಅನುಕೂಲವಾಗಿತ್ತು. ಯುರೋಪಿನ ಕಂಪನಿಗೆ ಅಗ್ಗದ ಪಾಪವಿಮೋಚನೆ, ನಮ್ಮ ಕಂಪನಿಗೆ ಬಿಟ್ಟಿ ಲಾಭ, ಆ ಕಂಪನಿಯ ಷೇರು ಕೊಂಡ ನಮಗೆ ಡಿವಿಡೆಂಡ್. ಆಕಾಶಕ್ಕೆ ಏನು ಸಿಕ್ಕಿತು ಎಂದು ಯಾರೂ ಕೇಳಲಿಲ್ಲ.

ಇದು ಒಂದು ಅನಿಲದ ಕಥೆಯಾಗಿದ್ದರೆ ಮರೆಯಬಹುದಿತ್ತು. ಯುರೋಪಿಯನ್ ಕಮಿಷನ್ನಿಗಾಗಿ ಜರ್ಮನಿಯ ಓಕೋ ಇನ್‌ಸ್ಟಿಟ್ಯೂಟ್ 2016ರಲ್ಲಿ ಮಾಡಿದ ಅಧ್ಯಯನ, ಕ್ಯೋಟೊ ಕಾಲದ ಯೋಜನೆಗಳಲ್ಲಿ ಶೇ 85ರಷ್ಟು ನಿಜವಾದ ಹೆಚ್ಚುವರಿ ಇಳಿಕೆ ತಂದಿರುವ ಸಾಧ್ಯತೆ ಕಡಿಮೆ ಎಂದಿತು. ಕಾಡು ಉಳಿಸಿದ್ದೇವೆಂದು ಮಾರಿದ ಕ್ರೆಡಿಟ್ಟುಗಳಲ್ಲಿ ಬಹುಪಾಲು ಬರೀ ಕಾಗದದ ಮೇಲಿನವು ಎಂದು 2023ರ ಆರಂಭದಲ್ಲಿ ಬ್ರಿಟನ್, ಜರ್ಮನಿಯ ಪತ್ರಿಕೆಗಳು ಬಯಲಿಗೆಳೆದವು. ಬಡವರಿಗೆ ಹಂಚಿದ ಸುಧಾರಿತ ಒಲೆಗಳ ಕ್ರೆಡಿಟ್ಟನ್ನು ವಾಸ್ತವಕ್ಕಿಂತ ಒಂಬತ್ತು ಪಟ್ಟು ಉಬ್ಬಿಸಲಾಗಿದೆ ಎಂದು 2024ರ ಸಂಶೋಧನೆ ಹೇಳಿತು. ಅದೇ ವರ್ಷ ಸುಮಾರು ನೂರು ಕೋಟಿ ಟನ್ನಿನ ಕ್ರೆಡಿಟ್ಟುಗಳನ್ನು ಪರಿಶೀಲಿಸಿದ ಇನ್ನೊಂದು ಅಧ್ಯಯನಕ್ಕೆ ನಿಜವೆಂದು ಕಂಡದ್ದು ಶೇ 16ಕ್ಕಿಂತ ಕಡಿಮೆ. ಸಾಕ್ಷ್ಯಕ್ಕೇನೂ ಕೊರತೆಯಿಲ್ಲ. ಹಾಗಿದ್ದರೂ ವಿಮಾನದ ಟಿಕೆಟ್ಟಿನ ಜೊತೆ ನಾಲ್ಕು ಕಾಸು ಹೆಚ್ಚು ಕೊಟ್ಟು ಪ್ರಯಾಣದ ಹೊಗೆಯನ್ನು ಸರಿದೂಗಿಸಿದೆವೆಂದು ನಂಬುವವರು ನಾವು, ‘ಇಂಗಾಲಮುಕ್ತ’ ಎಂಬ ಚೀಟಿ ಕಂಡರೆ ಎರಡನೇ ಪ್ರಶ್ನೆ ಕೇಳದೆ ಕೊಳ್ಳುವವರು ನಾವು. ಬೆಂಗಳೂರಿನ ವಿಮಾನ ನಿಲ್ದಾಣ ಈಗ ವರ್ಷಕ್ಕೆ ನಾಲ್ಕು ಕೋಟಿಗೂ ಹೆಚ್ಚು ಪ್ರಯಾಣಿಕರನ್ನು ಕಾಣುತ್ತದೆ. ರೈಲಿನಲ್ಲಿ ಒಂದು ರಾತ್ರಿ ಕಳೆಯುವ ತಾಳ್ಮೆಯನ್ನೂ ನಾವು ಕಳೆದುಕೊಂಡಿದ್ದೇವೆ.

ಈ ಮಾರುಕಟ್ಟೆಗೆ ಈಗ ಎರಡನೇ ಜೀವ ಬರುತ್ತಿದೆ. ಕ್ಯೋಟೊದ ನಂತರ ಬಂದ ಪ್ಯಾರಿಸ್ ಹವಾಮಾನ ಒಪ್ಪಂದದ ಆರನೇ ವಿಧಿಯ ನಿಯಮಗಳು 2021ರಲ್ಲಿ ಗ್ಲಾಸ್ಗೋದಲ್ಲಿ ರೂಪುಗೊಂಡು, ಬಾಕುವಿನಲ್ಲಿ ಪೂರ್ಣಗೊಂಡವು. ದೇಶಗಳು ಈಗ ಪರಸ್ಪರ ಟನ್ನುಗಳನ್ನು ಮಾರಬಹುದು, ಮಾರಿದ ದೇಶ ಅದನ್ನು ತನ್ನ ಲೆಕ್ಕದಿಂದ ಕಳೆಯಬೇಕು. 2025ರಲ್ಲಿ ಜಪಾನಿನೊಂದಿಗೆ ಭಾರತ ಇಂಥ ಒಪ್ಪಂದಕ್ಕೆ ಸಹಿ ಹಾಕಿತು. 2040ರ ತಮ್ಮ ಗುರಿಯಲ್ಲಿ ಐದು ಶೇಕಡಾ ಅಂಶಗಳವರೆಗೆ ಹೊರಗಿನ ಕ್ರೆಡಿಟ್ಟುಗಳಿಂದ ತುಂಬಿಕೊಳ್ಳಲು ಯುರೋಪಿನ ಸರ್ಕಾರಗಳು ಅದೇ ವರ್ಷದ ನವೆಂಬರಿನಲ್ಲಿ ಒಪ್ಪಿಕೊಂಡವು. ಗಿರಾಕಿ ಬಂದಿದ್ದಾನೆ, ಮಾರುವ ಉತ್ಸಾಹ ನಮಗೂ ಇದೆ. ಆದರೆ ಅಗ್ಗದಲ್ಲಿ, ಸುಲಭದಲ್ಲಿ ಇಳಿಸಬಹುದಾದ ಹೊಗೆಯನ್ನೆಲ್ಲ ಇಂದು ಪರರ ಲೆಕ್ಕಕ್ಕೆ ಮಾರಿದರೆ, ನಾಳೆ ನಮ್ಮ ಸ್ವಂತ ಗುರಿಗೆ ಉಳಿಯುವುದು ದುಬಾರಿ ಕೆಲಸಗಳು ಮಾತ್ರ. ಬಿತ್ತನೆಯ ಬೀಜ ಮಾರಿ ಹಬ್ಬ ಮಾಡಿದವನ ಗತಿ ನಮ್ಮ ಹಿರಿಯರಿಗೆ ಗೊತ್ತಿತ್ತು. 2070ಕ್ಕೆ ನಿವ್ವಳ ಶೂನ್ಯ ಎಂದು ಮಾತು ಕೊಟ್ಟವರು ನಾವು. ಅದನ್ನು ನಡೆಸಿಕೊಡಬೇಕಾದವರು ಇಂದು ಅಂಗನವಾಡಿಯಲ್ಲಿ ಕೂತಿದ್ದಾರೆ.

ದೇಶದೊಳಗಿನ ಮಾರುಕಟ್ಟೆಯೂ ಸಿದ್ಧವಾಗುತ್ತಿದೆ. 2022ರಲ್ಲಿ ಇಂಧನ ಸಂರಕ್ಷಣಾ ಕಾಯ್ದೆಗೆ ತಿದ್ದುಪಡಿ, 2023ರಲ್ಲಿ ಕಾರ್ಬನ್ ಕ್ರೆಡಿಟ್ ವ್ಯಾಪಾರ ಯೋಜನೆಯ ಅಧಿಸೂಚನೆ, ಆಮೇಲೆ ಸಿಮೆಂಟು, ಅಲ್ಯೂಮಿನಿಯಂ, ಕಾಗದದಂಥ ಉದ್ಯಮಗಳಿಗೆ ಗುರಿಗಳು. ಆ ಗುರಿ ಒಂದು ಟನ್ ಸರಕಿಗೆ ಇಷ್ಟು ಹೊಗೆ ಎಂಬ ಲೆಕ್ಕದ್ದು. ಸರಕು ಹೆಚ್ಚಿದರೆ ಒಟ್ಟು ಹೊಗೆ ಹೆಚ್ಚಿದರೂ ಕಾನೂನು ಮುರಿದಂತಲ್ಲ. ಅದಕ್ಕಿಂತ ದೊಡ್ಡ ಲೋಪ ಇನ್ನೊಂದಿದೆ. ದೇಶದ ವಿದ್ಯುತ್ತಿನ ಬಹುಪಾಲನ್ನು ಕೊಡುವ, ಹೊಗೆಯಲ್ಲೂ ಸಿಂಹಪಾಲು ಪಡೆದ ಕಲ್ಲಿದ್ದಲು ಸ್ಥಾವರಗಳನ್ನೇ ಈ ಯೋಜನೆ ಆರಂಭದಲ್ಲಿ ಹೊರಗಿಟ್ಟಿದೆ. ಇದೇ ಸ್ಥಾವರಗಳಿಗೆ ಗಂಧಕದ ಹೊಗೆ ತಡೆಯುವ ನಿಯಮ 2015ರಲ್ಲಿ ಬಂದಿತ್ತು, ಗಡುವು 2017. ಅದನ್ನು ಮತ್ತೆ ಮತ್ತೆ ಮುಂದೂಡಿ 2025ರಲ್ಲಿ ಬಹುಪಾಲು ಸ್ಥಾವರಗಳಿಗೆ ವಿನಾಯಿತಿಯನ್ನೇ ಕೊಟ್ಟರು. ನಾವು ತುಟಿ ಬಿಚ್ಚಲಿಲ್ಲ, ಏಕೆಂದರೆ ಕರೆಂಟು ಹೋಗದಿದ್ದರೆ ಸಾಕು ನಮಗೆ.

ಹಳ್ಳಿಗಳಿಗೂ ಈ ವ್ಯಾಪಾರ ಕಾಲಿಟ್ಟಿದೆ. ಗಿಡ ನೆಟ್ಟರೆ, ಉಳುಮೆ ಕಡಿಮೆ ಮಾಡಿದರೆ ಕಾರ್ಬನ್ ಹಣ ಬರುತ್ತದೆ ಎಂದು ರೈತರಿಂದ ದೀರ್ಘಾವಧಿ ಕರಾರಿಗೆ ಸಹಿ ಹಾಕಿಸಿಕೊಳ್ಳುವ ಕಂಪನಿಗಳು ದೇಶದಾದ್ಯಂತ ಹುಟ್ಟಿಕೊಂಡಿವೆ. ಊರಿನಲ್ಲಿ ಪಹಣಿ ಉಳಿಸಿಕೊಂಡು ನಗರದಲ್ಲಿ ಕೆಲಸ ಮಾಡುವ ಓದಿದ ಮಕ್ಕಳು ಆ ಕಾಗದವನ್ನು ಅಪ್ಪನ ಪಕ್ಕ ಕೂತು ಓದಿದ್ದಾರೆಯೇ? ಮರ ಒಣಗಿದರೆ ನಷ್ಟ ಯಾರದು, ದರ ಬಿದ್ದರೆ ಪಾಲೆಷ್ಟು, ಕರಾರು ಎಷ್ಟು ವರ್ಷ ಜಮೀನಿಗೆ ಅಂಟಿಕೊಳ್ಳುತ್ತದೆ ಎಂದು ಕೇಳುವುದು ಅವರ ಕೆಲಸ. ಅದನ್ನೂ ಮಾಡದೆ, ನಮ್ಮ ವಿಮಾನಯಾನದ ಹೊಗೆಗೆ ನಮ್ಮ ಅಪ್ಪಂದಿರ ಹೊಲವನ್ನು ಅಡವಿಡಲು ಬಿಟ್ಟಿದ್ದೇವೆ.

ಮಾರುಕಟ್ಟೆಯ ಹೊರಗೆ ಉಳಿದ ಆ ಕಲ್ಲಿದ್ದಲು ಸ್ಥಾವರಗಳು ನಮ್ಮಲ್ಲೂ ಇವೆ. ರಾಯಚೂರಿನ ಶಕ್ತಿನಗರದಲ್ಲಿ 1985ರಿಂದ ಕಲ್ಲಿದ್ದಲು ಉರಿಯುತ್ತಿದೆ. ಈಗ ಅಲ್ಲಿಯ ಸಾಮರ್ಥ್ಯ 1,720 ಮೆಗಾವಾಟ್. ಸಮೀಪದ ಯರಮರಸಿನಲ್ಲಿ 1,600, ಬಳ್ಳಾರಿಯ ಕುಡತಿನಿಯಲ್ಲಿ 1,700. ಸುತ್ತಲಿನ ಊರುಗಳವರು ದಶಕಗಳಿಂದ ಹಾರುಬೂದಿಯ ಬಗ್ಗೆ ದೂರುತ್ತಲೇ ಇದ್ದಾರೆ, ಬೇಸಿಗೆ ಮೊದಲು ಸುಡುವುದೂ ಆ ಜಿಲ್ಲೆಗಳನ್ನೇ. ಅಲ್ಲಿ ದುಡಿಯುವ ಸಾವಿರಾರು ಕಾರ್ಮಿಕರಿಗೆ ಮುಂದೆ ಏನು ಕೆಲಸ, ಘಟಕಗಳ ಬದಲಿಗೆ ಏನು ಬರುತ್ತದೆ, ಯಾವ ವರ್ಷ ಬರುತ್ತದೆ ಎಂದು ವಿಧಾನಸೌಧದಲ್ಲಿ ಗಟ್ಟಿಯಾಗಿ ಕೇಳುವವರನ್ನು ನಾವು ಆರಿಸಿ ಕಳಿಸಿಲ್ಲ, ಏಕೆಂದರೆ ಮತ ಹಾಕುವಾಗ ನಾವು ಅದನ್ನು ಕೇಳಿಲ್ಲ. 2028ರಲ್ಲಿ ಮತ ಕೇಳಲು ನಿಮ್ಮ ಬಾಗಿಲಿಗೆ ಬಂದವರನ್ನು, ಯಾವ ಪಕ್ಷದವರೇ ಆಗಲಿ, ಇದೊಂದನ್ನು ಕೇಳಿ: ರಾಯಚೂರಿನ ಹಳೆಯ ಘಟಕಗಳನ್ನು ಯಾವ ವರ್ಷ ನಿಲ್ಲಿಸುತ್ತೀರಿ, ಅಲ್ಲಿನ ಕಾರ್ಮಿಕರಿಗೆ ಏನು ಕೊಡುತ್ತೀರಿ? ಇಸವಿಯನ್ನು ಬಾಯಿಬಿಟ್ಟು ಹೇಳದವರಿಗೆ ಮತ ಹಾಕಬೇಡಿ.